ಕೊಟ್ಟವರು ಯಾರು?

ಬ್ಯಾಂಕಿನಲ್ಲಿ ನಾನು ಮಾಡೋ ಕೆಲಸ ಏನು ಅಂತ ಅಮ್ಮನಿಗೆ ವಿವರಿಸೋದು ಕಷ್ಟ. 'ಆಂಟಿ ಮನಿ ಲಾಂಡರಿಂಗ್' ಅಂದರೆ ಮುಖ ನೋಡ್ತಾಳೆ. ಪತ್ರಿಕೆಯವರು ಬರೆಯೋ 'ಅಕ್ರಮ ಹಣ ವರ್ಗಾವಣೆ' ಅಂದರೆ ಹವಾಲಾನಾ ಅಂತ ಕೇಳ್ತಾಳೆ. ಕೊನೆಗೊಂದು ದಿನ, 'ಮೈಲಿಗೆ ದುಡ್ಡನ್ನ ಮಡಿ ಮಾಡ್ತಾರಲ್ಲಮ್ಮ, ಅವರನ್ನ ಹಿಡಿಯೋ ಕೆಲಸ' ಅಂದೆ. ತಕ್ಷಣ ಅರ್ಥವಾಯಿತು. ಮಡಿ-ಮೈಲಿಗೆಯ ಭಾಷೆ ನನಗೇನೂ ಪ್ರಿಯವಲ್ಲ, ಆದರೆ ಇಲ್ಲಿ ಅದು ಸರಿಯಾಗಿ ಕೂರುತ್ತೆ. ಮಡಿ ಆಗೋದು ಕೊಳೆ ಹೋದದ್ದರಿಂದಲ್ಲ, ವಿಧಿ ಮುಗಿದದ್ದರಿಂದ. ದುಡ್ಡಿನದೂ ಅಷ್ಟೇ. ಎಲ್ಲಿಂದಲೋ ಬಂದ ಹಣ ಒಂದು ಖಾತೆಗೆ ಬೀಳುತ್ತೆ, ನಾಲ್ಕು ಕಂಪನಿಗಳ ನಡುವೆ ಓಡಾಡುತ್ತೆ, ಪ್ರತಿ ಹೆಜ್ಜೆಗೂ ಒಂದು ಸಹಿ, ಒಂದು ಸೀಲು. ಕೊನೆಯ ಕಾಗದ ನೋಡಿದವನಿಗೆ ಎಲ್ಲವೂ ಶುದ್ಧ. ಅವನು ಸುಳ್ಳು ಹೇಳ್ತಿಲ್ಲ. ಅವನ ಮುಂದಿರೋ ಕಾಗದ ನಿಜವಾಗಿಯೂ ಸರಿ ಇದೆ.

ಡೇವಿಡ್ ಸ್ಮೋಲಿನ್ ಅವರನ್ನು ನಾನು ಓದಿದ್ದು ಈ ಕೆಲಸದ ದೆಸೆಯಿಂದ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ, ಸ್ಯಾಮ್‌ಫೋರ್ಡ್ ವಿಶ್ವವಿದ್ಯಾಲಯದ ಕಂಬರ್‌ಲ್ಯಾಂಡ್ ಕಾನೂನು ಶಾಲೆಯ ಪ್ರಾಧ್ಯಾಪಕರು ಅವರು. 2006ರಲ್ಲಿ ಒಂದು ಕಾನೂನು ಪತ್ರಿಕೆಯಲ್ಲಿ ಅವರ ದೀರ್ಘ ಲೇಖನ ಬಂತು. ಹೆಸರು 'ಚೈಲ್ಡ್ ಲಾಂಡರಿಂಗ್'. ಲಾಂಡರಿಂಗ್ ಅನ್ನೋ ಪದ ಕಂಡದ್ದಕ್ಕೆ ತೆರೆದೆ. ಓದುತ್ತಾ ಹೋದಂತೆ, ನಾನು ದಿನಾ ನೋಡೋ ನಕ್ಷೆಯಲ್ಲಿ ಹಣ ಇದ್ದ ಜಾಗದಲ್ಲಿ ಮಕ್ಕಳು ನಿಂತಿದ್ದರು. ಮಗುವನ್ನು ಕೊಂಡೋ, ಕದ್ದೋ, ತಾಯಿಗೆ ಸುಳ್ಳು ಹೇಳಿಯೋ ತರ್ತಾರೆ. ಒಂದು ಅನಾಥಾಲಯದ ಪುಸ್ತಕದಲ್ಲಿ ಹೆಸರು ಬರೆಸ್ತಾರೆ. ಅಲ್ಲಿಂದ ಮುಂದೆ ಎಲ್ಲವೂ ಕಾನೂನುಬದ್ಧ: ಸರ್ಕಾರಿ ಸಂಸ್ಥೆಯ ಒಪ್ಪಿಗೆ, ಕೋರ್ಟಿನ ಆದೇಶ, ಪಾಸ್‌ಪೋರ್ಟು, ವೀಸಾ. ವಿಮಾನ ಇಳಿಯೋ ಹೊತ್ತಿಗೆ ಮಗು 'ಅನಾಥ' ಆಗಿರುತ್ತೆ. ಒಳ್ಳೆಯ ಮನಸ್ಸಿನ ಇಬ್ಬರು ಹೂಗುಚ್ಛ ಹಿಡಿದು ಏರ್‌ಪೋರ್ಟಿನಲ್ಲಿ ಕಾಯ್ತಿರ್ತಾರೆ.

ಸ್ಮೋಲಿನ್ ಇದನ್ನು ಲೈಬ್ರರಿಯಲ್ಲಿ ಕೂತು ಕಂಡುಹಿಡಿದದ್ದಲ್ಲ. 1998ರ ಕೊನೆಯಲ್ಲಿ ಅವರೂ ಅವರ ಹೆಂಡತಿಯೂ ಹೈದರಾಬಾದಿನ ಒಂದು ಅನಾಥಾಲಯದಿಂದ ಇಬ್ಬರು ಅಕ್ಕತಂಗಿಯರನ್ನು ದತ್ತು ತಗೊಂಡಿದ್ದರು. ಸಣ್ಣ ಕೂಸುಗಳಲ್ಲ, ಬುದ್ಧಿ ಬಂದ ಹುಡುಗಿಯರು, ತೆಲುಗು ಮಾತಾಡೋರು, ತಾಯಿಯ ನೆನಪು ಇದ್ದವರು. ಬಂದ ಕೆಲವೇ ವಾರಗಳಲ್ಲಿ ವಿಷಯ ಹೊರಬಿತ್ತು. ನಮ್ಮಮ್ಮ ಬದುಕಿದ್ದಾಳೆ, ನಮ್ಮನ್ನು ಅವಳು ಕೊಟ್ಟಿಲ್ಲ ಅಂತ ಹುಡುಗಿಯರು ಹೇಳಿದರು. ತಾಯಿ ಬಡವಿ. ಊಟ ಸಿಗುತ್ತೆ, ಓದು ಸಿಗುತ್ತೆ ಅಂತ ನಂಬಿ ಅಲ್ಲಿ ಬಿಟ್ಟಿದ್ದಳು. ವಾಪಸ್ ಕೇಳಲು ಹೋದಾಗ ಮಕ್ಕಳು ಅವಳ ಕೈಗೆ ಸಿಗಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅಮೆರಿಕದವರಿಗೆ ಈ ಭಾಗ ಅರ್ಥ ಮಾಡಿಸೋಕೆ ಪುಟಗಟ್ಟಲೆ ಬೇಕು, ನಮಗೆ ಬೇಡ. ಮಗುವನ್ನು ಒಂದು ಸಂಸ್ಥೆಯಲ್ಲಿ ಬಿಟ್ಟು ಬರೋದು ನಮ್ಮ ಕಡೆ ಮಗುವನ್ನು ಬಿಟ್ಟುಕೊಡೋದಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಹುಡುಗರು ಓದ್ತಾರೆ. ಅನ್ನ, ಅಕ್ಷರ, ಆಶ್ರಯ ಮೂರೂ ಅಲ್ಲೇ. ಕಲಬುರಗಿ, ವಿಜಯಪುರದ ತಾಂಡಾಗಳಿಂದ ದುಡಿಯೋಕೆ ಮುಂಬೈಗೋ ಗೋವಾಕ್ಕೋ ಹೋಗೋ ಎಷ್ಟೋ ಜನ ಮಕ್ಕಳನ್ನು ಹಾಸ್ಟೆಲಿಗೆ ಹಾಕಿ ಹೋಗ್ತಾರೆ. ಹಬ್ಬಕ್ಕೆ ಬಂದು ಕರಕೊಂಡು ಹೋಗ್ತಾರೆ. ಇವರಲ್ಲಿ ಯಾರೂ ಅನಾಥರಲ್ಲ, ಯಾರ ಅಪ್ಪ-ಅಮ್ಮನೂ 'ತ್ಯಜಿಸಿದ' ಪೋಷಕರಲ್ಲ. ಬಡವರಿಗೆ ಅನಾಥಾಲಯ ಅನ್ನೋದು ಬಹಳ ಸಲ ಬೋರ್ಡಿಂಗ್ ಸ್ಕೂಲಿನ ಇನ್ನೊಂದು ಹೆಸರು. ಅದೇ ಕಟ್ಟಡದ ಫೋಟೋ ಅಲಬಾಮಾದಲ್ಲಿ ಕಂಡಾಗ ಒಳಗಿರೋ ಪ್ರತಿಯೊಂದು ಮಗುವೂ ಯಾರೂ ಇಲ್ಲದ ಮಗು ಆಗಿಬಿಡುತ್ತೆ. ಆ ಅರ್ಥಭೇದದಲ್ಲಿ ಯಾರೋ ದುಡ್ಡು ಕಂಡರು. ಆಂಧ್ರದಲ್ಲಿ 1999ರಲ್ಲಿ ಒಮ್ಮೆ, 2001ರಲ್ಲಿ ಮತ್ತೊಮ್ಮೆ ಇದು ದೊಡ್ಡ ಹಗರಣವಾಗಿ ಸಿಡಿಯಿತು. ಕೆಲವರ ಬಂಧನವಾಯಿತು. ಹೆಚ್ಚು ಸಿಕ್ಕಿಬಿದ್ದದ್ದು ಲಂಬಾಡಿ ತಾಂಡಾಗಳ ಹೆಣ್ಣುಮಕ್ಕಳು. ನಮ್ಮ ಉತ್ತರ ಕರ್ನಾಟಕದ ಲಂಬಾಣಿಗಳದೇ ಮಾತು, ಅದೇ ಉಡುಪು, ನಡುವೆ ಒಂದು ರಾಜ್ಯದ ಗಡಿ ಅಷ್ಟೇ. ಮೂರನೆಯದೋ ನಾಲ್ಕನೆಯದೋ ಹೆಣ್ಣು ಹುಟ್ಟಿದ ಮನೆಗೆ ದಲ್ಲಾಳಿ ಬರ್ತಿದ್ದ. ಆ ಮನೆಗೆ ಸಿಗ್ತಿದ್ದದ್ದು ಅತ್ಯಲ್ಪ ರೂಪಾಯಿ, ವಿದೇಶಿ ದಂಪತಿ ಕೊಡ್ತಿದ್ದದ್ದು ಸಾವಿರಾರು ಡಾಲರ್.

ಹುಡುಗಿಯರ ಮಾತು ಕೇಳಿದ ಮೇಲೆ ಸ್ಮೋಲಿನ್ ದಂಪತಿ ಹುಡುಕಲು ಶುರು ಮಾಡಿದರು. ಮಧ್ಯಸ್ಥ ಏಜೆನ್ಸಿಯಿಂದ ನೆರವು ಸಿಗಲಿಲ್ಲ. ಆ ತಾಯಿಯನ್ನು ಪತ್ತೆ ಮಾಡೋಕೆ ಸುಮಾರು ಆರು ವರ್ಷ ಹಿಡಿಯಿತು. ನೆರವಾದವರು ಹೈದರಾಬಾದಿನ ಕಾರ್ಯಕರ್ತೆ ಗೀತಾ ರಾಮಸ್ವಾಮಿ. ಆಂಧ್ರದ ದತ್ತು ದಂಧೆಯನ್ನು ಬಯಲಿಗೆಳೆದವರಲ್ಲಿ ಅವರೂ ಒಬ್ಬರು. ಅಷ್ಟು ಹೊತ್ತಿಗೆ ಹುಡುಗಿಯರು ಬೆಳೆದಿದ್ದರು, ಇಂಗ್ಲಿಷ್ ಅವರ ಮಾತಾಗಿತ್ತು. ಕಾನೂನು ಮೇಷ್ಟ್ರು ತಮ್ಮ ಮುಂದಿನ ವರ್ಷಗಳನ್ನೆಲ್ಲ ಈ ಒಂದೇ ವಿಷಯಕ್ಕೆ ಕೊಟ್ಟರು. ಆಂಧ್ರದ ಹಗರಣಗಳು, ಕಾಂಬೋಡಿಯಾ, ಬಡತನ ಮತ್ತು ದತ್ತು, ಹೀಗೆ ಒಂದರ ಹಿಂದೊಂದು ಲೇಖನ. ತಾವು ಕ್ರೈಸ್ತರಾಗಿದ್ದೂ ಅಮೆರಿಕದ ಇವ್ಯಾಂಜೆಲಿಕಲ್ ಚರ್ಚುಗಳ 'ಅನಾಥರನ್ನು ರಕ್ಷಿಸಿ' ಚಳವಳಿಯನ್ನು ಬೈಬಲ್ಲಿನ ಆಧಾರದಲ್ಲೇ ಟೀಕಿಸಿದರು. ಬೈಬಲ್ಲು ವಿಧವೆಯನ್ನೂ ಅನಾಥರನ್ನೂ ಒಟ್ಟಿಗೆ ನೋಡಿಕೋ ಅನ್ನುತ್ತೆ, ವಿಧವೆಯಿಂದ ಮಗುವನ್ನು ಬೇರೆ ಮಾಡು ಅನ್ನೋದಿಲ್ಲ ಅನ್ನೋದು ಅವರ ವಾದದ ತಿರುಳು.

ಇಷ್ಟೆಲ್ಲ ಓದುವಾಗ ನನ್ನ ತಲೆಯಲ್ಲಿ ಕೂತದ್ದು ನಮ್ಮದೇ ಒಂದು ಪದ. ದತ್ತು. 'ದತ್ತ' ಅಂದರೆ ಕೊಟ್ಟದ್ದು. ಇಂಗ್ಲಿಷಿನ ಅಡಾಪ್ಷನ್ ತಗೊಳ್ಳೋರ ಕಡೆಯಿಂದ ಹೇಳೋ ಮಾತು, ಆರಿಸಿಕೊಳ್ಳೋದು ಅಂತ. ನಮ್ಮ ಪದ ಕೊಡೋರ ಕಡೆಯಿಂದ ಶುರುವಾಗುತ್ತೆ. 1956ರ ಹಿಂದೂ ದತ್ತಕ ಕಾಯ್ದೆ ಕೂಡ ಮಗುವನ್ನು ನಿಜವಾಗಿ ಕೊಟ್ಟಿರಬೇಕು, ನಿಜವಾಗಿ ತಗೊಂಡಿರಬೇಕು ಅನ್ನುತ್ತೆ. ಅದಕ್ಕಾಗಿ ಹಣ ಕೊಡೋದು, ಪಡೆಯೋದು ಅಪರಾಧ ಅಂತಲೂ ಅನ್ನುತ್ತೆ. ಇನ್ನೂ ಹಿಂದೆ ಹೋದರೆ ಮನುಸ್ಮೃತಿಯಲ್ಲಿ ಹನ್ನೆರಡು ಬಗೆಯ ಮಕ್ಕಳ ಪಟ್ಟಿ ಇದೆ. ಆ ಪುಸ್ತಕದ ಬಹುಪಾಲು ನನಗೆ ಬೇಡ, ಆದರೆ ಈ ಪಟ್ಟಿ ವಿಚಿತ್ರವಾಗಿ ಪ್ರಾಮಾಣಿಕವಾಗಿದೆ. ಕೊಟ್ಟ ಮಗ ದತ್ತ. ಬಿಟ್ಟುಹೋದವನನ್ನು ಎತ್ತಿಕೊಂಡರೆ ಅಪವಿದ್ಧ. ಕೊಂಡುಕೊಂಡರೆ ಕ್ರೀತ. ಸ್ಥಾನಮಾನ ಬೇರೆ ಬೇರೆ, ಅದು ಅನ್ಯಾಯವೇ. ಆದರೆ ಕೊಂಡ ಮಗುವನ್ನು ಕೊಂಡದ್ದು ಅಂತಲೇ ಕರೆದರು. ನಮ್ಮ ಕಾಲದ ಫೈಲಿನಲ್ಲಿ ಕೊಟ್ಟದ್ದು, ಕೊಂಡದ್ದು, ಕದ್ದದ್ದು ಎಲ್ಲಕ್ಕೂ ಒಂದೇ ಸರ್ಟಿಫಿಕೇಟು. ಸ್ಮೋಲಿನ್ ಹೇಳೋ ಲಾಂಡರಿಂಗ್ ಅಂದರೆ ಇದೇ: ಕ್ರೀತವನ್ನು ದತ್ತ ಅಂತ ಬರೆಯೋದು.

ಹಾಗಾದರೆ ಕಾನೂನು ಇರಲಿಲ್ವಾ? ಇತ್ತು, ಚೆನ್ನಾಗಿಯೇ ಇತ್ತು. ಲಕ್ಷ್ಮೀಕಾಂತ್ ಪಾಂಡೆ ಅನ್ನೋ ವಕೀಲರು ಬರೆದ ಒಂದು ಪತ್ರವನ್ನೇ ಅರ್ಜಿಯಾಗಿ ತಗೊಂಡು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಎನ್. ಭಗವತಿ 1984ರಲ್ಲಿ ತೀರ್ಪು ಕೊಟ್ಟರು. ಮೊದಲು ಹೆತ್ತವರ ಹತ್ತಿರ, ಆಗದಿದ್ದರೆ ದೇಶದೊಳಗಿನ ಕುಟುಂಬ, ಅದೂ ಇಲ್ಲದಿದ್ದರೆ ಮಾತ್ರ ವಿದೇಶ. 1993ರ ಹೇಗ್ ಒಪ್ಪಂದವೂ ಇದನ್ನೇ ಹೇಳುತ್ತೆ, ಅನುಚಿತ ಹಣ ಯಾರಿಗೂ ಸಲ್ಲಬಾರದು ಅಂತಲೂ ಸೇರಿಸುತ್ತೆ. ಭಾರತ 2003ರಲ್ಲಿ ಅದನ್ನು ಒಪ್ಪಿತು, ಅಮೆರಿಕದಲ್ಲಿ ಅದು ಜಾರಿಗೆ ಬಂದದ್ದು 2008ರಲ್ಲಿ. ಆದರೆ ನಮ್ಮ ಇಲಾಖೆಯಲ್ಲಿ ಒಂದು ಮಾತಿದೆ: ಎಲ್ಲರೂ ಚೆಕ್ ಮಾಡಿದ್ದಾರೆ ಅಂದರೆ ಯಾರೂ ಚೆಕ್ ಮಾಡಿಲ್ಲ ಅಂತ. ಅಮೆರಿಕದ ಅಧಿಕಾರಿ ಭಾರತದ ಸೀಲು ನಂಬ್ತಾನೆ, ಭಾರತದ ಕೋರ್ಟು ಸಂಸ್ಥೆಯ ಕಾಗದ ನಂಬುತ್ತೆ, ಕಾಗದದ ತಳದಲ್ಲಿ ಓದುಬರಹ ಬಾರದ ಒಬ್ಬಳ ಹೆಬ್ಬೆಟ್ಟು ಇರುತ್ತೆ. ಆ ಹೆಬ್ಬೆಟ್ಟು ಒತ್ತಿದಾಗ ಅವಳಿಗೆ ಯಾರು ಏನು ಹೇಳಿದರು ಅಂತ ಕೇಳೋಕೆ ಆ ಊರಿಗೆ ಹೋಗಬೇಕು. ಯಾರೂ ಹೋಗಲ್ಲ.

ಹೋಗದಿರೋದಕ್ಕೆ ಕಾರಣ ಹಣ. ಸ್ಮೋಲಿನ್ ಮತ್ತೆ ಮತ್ತೆ ಹೇಳೋದು ಇದನ್ನೇ. ಗ್ವಾಟೆಮಾಲಾದ ಉದಾಹರಣೆ ನೋಡಿ. ಪುಟ್ಟ ದೇಶ. 2007ರ ಒಂದೇ ವರ್ಷದಲ್ಲಿ ಅಲ್ಲಿಂದ ಅಮೆರಿಕಕ್ಕೆ 4,700ಕ್ಕೂ ಹೆಚ್ಚು ಮಕ್ಕಳು ಹೋದರು; ಹುಟ್ಟಿದ ನೂರು ಮಕ್ಕಳಲ್ಲಿ ಹತ್ತಿರ ಹತ್ತಿರ ಒಂದು. ಹೋದವರಲ್ಲಿ ಬಹುತೇಕ ಎಳೆಗೂಸುಗಳು. ಆಶ್ರಮಗಳಲ್ಲಿ ವರ್ಷಗಟ್ಟಲೆ ಇದ್ದ ದೊಡ್ಡ ಮಕ್ಕಳು ಅಲ್ಲೇ ಉಳಿದರು, ಅವರನ್ನು ಕೇಳಿದವರು ಕಡಿಮೆ. ಯಾವ ವಯಸ್ಸಿನ ಮಗು ಬೇಕು ಅನ್ನೋದು ತಗೊಳ್ಳೋರ ಆಸೆ ನಿರ್ಧರಿಸಿದಾಗ, ಆ ವಯಸ್ಸಿನ ಮಗು ಎಲ್ಲಿಂದಲೋ ಹುಟ್ಟಿಕೊಳ್ಳುತ್ತೆ. ನಮ್ಮಲ್ಲೂ 2017ರ ದತ್ತು ನಿಯಮಗಳಲ್ಲಿ ಮಗುವಿನ ಪಾಲನೆಯ ನಿಧಿಗೆ ದೇಶದೊಳಗಿನ ದಂಪತಿ ಕೊಡಬೇಕಾದದ್ದು 40,000 ರೂಪಾಯಿ, ವಿದೇಶದವರು 5,000 ಡಾಲರ್. ಅಂದಿನ ಲೆಕ್ಕದಲ್ಲಿ ಎಂಟು ಪಟ್ಟು. ನಿಗದಿತ ಶುಲ್ಕ ಇದೆ ಅನ್ನೋದು ಒಳ್ಳೆಯದೇ, ಮೊದಲು ಅದೂ ಮಸುಕಾಗಿತ್ತು. ಆದರೂ ಆ ಎಂಟು ಪಟ್ಟು ನೋಡಿದಾಗ ನನ್ನ ವೃತ್ತಿಯ ಮೂಗು ಸ್ವಲ್ಪ ಅರಳುತ್ತೆ.

ಬಡತನದ ಬಗ್ಗೆ ಅವರು 2007ರಲ್ಲಿ ಬರೆದದ್ದು ನನಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸಿತು. ಒಬ್ಬ ತಾಯಿ ಬರೀ ಬಡತನದಿಂದ ಮಗುವನ್ನು ಕೊಡ್ತಿದ್ದಾಳೆ ಅಂತಿಟ್ಟುಕೊಳ್ಳಿ. ಕದ್ದದ್ದಲ್ಲ, ಮೋಸವೂ ಅಲ್ಲ, ಕಣ್ಣೀರು ಹಾಕುತ್ತಲೇ ಒಪ್ಪಿದ್ದಾಳೆ. ಆ ಮಗುವನ್ನು ಅಮೆರಿಕಕ್ಕೆ ಒಯ್ಯೋಕೆ ಹತ್ತಾರು ಸಾವಿರ ಡಾಲರ್ ಖರ್ಚಾಗುತ್ತೆ. ಅದರ ಒಂದು ಸಣ್ಣ ಚೂರು ಸಿಕ್ಕಿದ್ದರೆ ಅವಳು ಕೊಡ್ತಾನೇ ಇರಲಿಲ್ಲ. ಮಗು ಅವಳ ಮಡಿಲಲ್ಲಿರೋವರೆಗೂ ಯಾರಿಗೂ ಕರುಣೆ ಬರಲಿಲ್ಲ, ಮಡಿಲಿನಿಂದ ಇಳಿದ ಕೂಡಲೇ ದುಡ್ಡಿನ ಹೊಳೆ ಹರಿಯಿತು ಅಂದರೆ, ಆ ಕರುಣೆ ಯಾರ ಮೇಲಿನದು? ಮೊದಲು ನೆರವು ಕೊಡಿ, ಆಮೇಲೂ ಅವಳು ಕೊಡೋದಾದರೆ ಅದನ್ನು ಒಪ್ಪಿಗೆ ಅನ್ನಿ ಅಂತಾರೆ ಸ್ಮೋಲಿನ್. ಇದಕ್ಕೆ ಉತ್ತರ ಕೊಟ್ಟವರು ಇದ್ದಾರೆ, ಆದರೆ ಯಾವ ಉತ್ತರವೂ ನನಗೆ ನಾಟಿಲ್ಲ.

ದೇವಕಿ-ಯಶೋದೆ ಕಥೆ ನೆನಪಾಗುತ್ತೆ. ಹೆತ್ತವಳು, ಸಾಕಿದವಳು, ಇಬ್ಬರೂ ಅಮ್ಮಂದಿರೇ ಅಂತ ನಾವು ಕೃಷ್ಣನ ನೆಪದಲ್ಲಿ ಚೆನ್ನಾಗಿ ಕಲಿತಿದ್ದೇವೆ. ಆದರೆ ಆ ರಾತ್ರಿ ಯಮುನೆಯನ್ನು ಎರಡು ಮಕ್ಕಳು ದಾಟಿದವು. ಯಶೋದೆ ಹೆತ್ತ ಹೆಣ್ಣುಮಗುವನ್ನು, ಅವಳು ನಿದ್ದೆಯಲ್ಲಿದ್ದಾಗ ಎತ್ತಿಕೊಂಡು ಹೋದರು. ಯಾರೂ ಅವಳನ್ನು ಕೇಳಲಿಲ್ಲ. ಆ ಮಗುವನ್ನು ಕಂಸ ಬಂಡೆಗೆ ಅಪ್ಪಳಿಸಲು ಹೋದ. ಅವಳು ದೇವಿ, ಹಾರಿಹೋದಳು, ಸರಿ. ಆದರೆ ಯಶೋದೆಯನ್ನು ನಾವು ಸಾಕುತಾಯಿ ಅಂತಲೇ ಹಾಡ್ತೇವೆ, ಮಗಳನ್ನು ಕಳಕೊಂಡವಳು ಅಂತ ಯಾವತ್ತೂ ಅಲ್ಲ. ದೊಡ್ಡ ಕೆಲಸಕ್ಕೆ ಆಯ್ತಲ್ಲ ಅಂತ ಬಿಟ್ಟಿದ್ದೇವೆ.

ಈಗ ಎದುರು ಪಕ್ಷ. ಹಾರ್ವರ್ಡ್ ಕಾನೂನು ಶಾಲೆಯ ಎಲಿಜಬೆತ್ ಬಾರ್ಥೊಲೆಟ್ ಕೂಡ ದತ್ತು ತಾಯಿಯೇ. ಪೆರುವಿನಿಂದ ಇಬ್ಬರು ಗಂಡುಮಕ್ಕಳನ್ನು ತಂದು ಸಾಕಿದವರು. ಅವರೂ ಸ್ಮೋಲಿನ್ನರೂ ನೇರವಾಗಿ ವಾದ ಮಾಡಿದ್ದು 2012ರ ಒಂದು ಪುಸ್ತಕದಲ್ಲಿ ಅಚ್ಚಾಗಿದೆ. ಬಾರ್ಥೊಲೆಟ್ ಕೇಳೋದು ಹೀಗೆ: ಕೆಲವರು ಮೋಸ ಮಾಡಿದರು ಅಂತ ಬಾಗಿಲು ಹಾಕಿದರೆ ಒಳಗೆ ಕೂತಿರೋ ಮಗುವಿನ ಗತಿ ಏನು? ಇದನ್ನು ಭಾವುಕ ಮಾತು ಅಂತ ತಳ್ಳಿಹಾಕೋಕೆ ಆಗಲ್ಲ. ರೊಮೇನಿಯಾದ ಬುಖಾರೆಸ್ಟಿನಲ್ಲಿ ಸಂಶೋಧಕರು ಆಶ್ರಮಗಳಲ್ಲಿದ್ದ 136 ಪುಟ್ಟ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಅರ್ಧ ಮಕ್ಕಳು ಪಾಲಕ ಕುಟುಂಬಗಳಿಗೆ ಹೋದರು, ಉಳಿದವರು ಇದ್ದ ವ್ಯವಸ್ಥೆಯಲ್ಲೇ ಮುಂದುವರಿದರು. ಆಶ್ರಮದ ಬದುಕು ಮಗುವಿನ ಬುದ್ಧಿಯನ್ನೂ ಮನಸ್ಸನ್ನೂ ಕುಗ್ಗಿಸುತ್ತೆ, ಎರಡು ವರ್ಷದೊಳಗೆ ಒಂದು ಮನೆ ಸಿಕ್ಕವರು ಹೆಚ್ಚು ಚೇತರಿಸಿಕೊಳ್ತಾರೆ ಅನ್ನೋದು ಕಂಡುಬಂತು. ಅಂದರೆ ಊರಿಗೆ ಹೋಗಿ ಹೆಬ್ಬೆಟ್ಟಿನ ಕಥೆ ವಿಚಾರಿಸೋಕೆ ನಾವು ತಗೊಳ್ಳೋ ಪ್ರತಿ ತಿಂಗಳಿನ ಬೆಲೆಯನ್ನು ಆ ಮಗು ಕಟ್ಟುತ್ತೆ.

ಇದನ್ನು ಒಪ್ಪಿಕೊಂಡೇ ನಾನು ಸ್ಮೋಲಿನ್ ಕಡೆ ವಾಲ್ತೀನಿ. ಯಾಕಂದ್ರೆ ಆ ಆಶ್ರಮದ ಹಾಸಿಗೆಯಲ್ಲಿರೋ ಮಗು ಅಲ್ಲಿಗೆ ತಾನಾಗಿ ಬಂದದ್ದಲ್ಲ. ಹೊರಗಿನಿಂದ ಹಣ ಬರುತ್ತೆ ಅಂತ ಗೊತ್ತಾದ ಮೇಲೆ ತುಂಬಿದ ಹಾಸಿಗೆಗಳೂ ಇದ್ದವು. ಅಲಬಾಮಾಕ್ಕೆ ಹೋದ ಅಕ್ಕತಂಗಿಯರು ಮಲಗಿದ್ದದ್ದು ಅಂಥವುಗಳ ಮೇಲೆ. ಅವರನ್ನು ಆಶ್ರಮದಿಂದ ಪಾರು ಮಾಡಿದ್ದೇವೆ ಅಂತ ಹೇಳಬೇಕಾದರೆ, ಅವರನ್ನು ಅಲ್ಲಿಗೆ ಎಳೆದದ್ದು ಯಾವ ಹಣ ಅಂತಲೂ ಹೇಳಬೇಕಾಗುತ್ತೆ. ಜೊತೆಗೆ ರೊಮೇನಿಯಾದ ಆ ಅಧ್ಯಯನದಲ್ಲಿ ಮಕ್ಕಳಿಗೆ ಸಿಕ್ಕ ಮನೆಗಳು ಬುಖಾರೆಸ್ಟಿನಲ್ಲೇ ಇದ್ದವು, ಬಾಸ್ಟನ್ನಿನಲ್ಲಿ ಅಲ್ಲ.

ವ್ಯವಸ್ಥೆ ಸುಧಾರಿಸದಿದ್ದರೆ ಅದು ಮುಚ್ಚಿಹೋಗುತ್ತೆ ಅಂತ ಸ್ಮೋಲಿನ್ ಎಚ್ಚರಿಸಿದ್ದರು. ಅಮೆರಿಕಕ್ಕೆ 2004ರಲ್ಲಿ ಸುಮಾರು 23,000 ಮಕ್ಕಳು ಹೊರದೇಶಗಳಿಂದ ದತ್ತು ಬಂದಿದ್ದರು. 2023ರಲ್ಲಿ 1,300ಕ್ಕಿಂತ ಕಡಿಮೆ. ನೆದರ್‌ಲ್ಯಾಂಡ್ಸ್ 2021ರಲ್ಲಿ ತನಿಖಾ ಸಮಿತಿಯ ವರದಿ ಬಂದ ಕೂಡಲೇ ಹೊಸ ದತ್ತುಗಳನ್ನು ತಡೆಹಿಡಿಯಿತು. 2024ರ ಸೆಪ್ಟೆಂಬರಿನಲ್ಲಿ ಚೀನಾ ಬಾಗಿಲು ಹಾಕಿತು. 2025ರಲ್ಲಿ ದಕ್ಷಿಣ ಕೊರಿಯಾದ ಸತ್ಯಶೋಧನಾ ಆಯೋಗ, ಸುಳ್ಳು ದಾಖಲೆಗಳ ಮೇಲೆ ಮಕ್ಕಳನ್ನು ಹೊರಗೆ ಕಳಿಸಿದ್ದಕ್ಕೆ ಸರ್ಕಾರವೂ ಹೊಣೆ ಅಂತ ಹೇಳಿತು. ಗೆದ್ದ ಖುಷಿ ಸ್ಮೋಲಿನ್ನರಿಗೆ ಇರಲಿಕ್ಕಿಲ್ಲ. ಅವರು ಕೇಳಿದ್ದು ರಿಪೇರಿ, ಆದದ್ದು ಬೀಗ.

ಇದೆಲ್ಲ ನೀತಿಯ ಮಾತಾಯಿತು. ನನ್ನನ್ನು ಹೆಚ್ಚು ಕಾಡೋದು ಮನೆಯೊಳಗಿನ ಪ್ರಶ್ನೆ. ಮಗು ಮನೆಗೆ ಬಂದಾಗಿದೆ, 'ಅಪ್ಪ' ಅಂತ ಕರೆದಾಗಿದೆ, ಆಮೇಲೆ ಗೊತ್ತಾಗುತ್ತೆ. ಆಗ ಏನು ಮಾಡಬೇಕು? ಕದ್ದ ಬೈಕನ್ನು ಗೊತ್ತಿಲ್ಲದೆ ಕೊಂಡಿದ್ದರೂ ಕಾನೂನು ಸುಲಭವಾಗಿ ಹೇಳುತ್ತೆ, ಮಾಲೀಕನಿಗೆ ವಾಪಸ್ ಕೊಡು ಅಂತ. ಮಗು ಬೈಕಲ್ಲ. ಆರು ವರ್ಷ ಕಳೆದ ಮೇಲೆ ವಾಪಸ್ ಕಳಿಸೋದು ಎರಡನೆಯ ಸಲ ಕಿತ್ತಂತೆ. ಹಾಗಂತ 'ನಾವು ಚೆನ್ನಾಗಿ ನೋಡಿಕೊಂಡಿದ್ದೇವಲ್ಲ' ಅನ್ನೋದು ಉತ್ತರವಾ? ಚೆನ್ನಾಗಿ ನೋಡಿಕೊಂಡದ್ದು ಮಗುವಿಗೆ ಸಂದ ಋಣ. ಆ ತಾಯಿಯ ಲೆಕ್ಕದಲ್ಲಿ ಅದು ಜಮೆ ಆಗಲ್ಲ. ಅವಳು ಅಲಬಾಮಾದ ಕೋರ್ಟಿಗೆ ಹೋಗಿ ಕೇಸು ಹಾಕೋಕೆ ಆಗುತ್ತಾ? ಅವಳಿಗೆ ಸಲ್ಲಬಹುದಾದದ್ದು ಬಹಳ ಕಡಿಮೆ: ಮಕ್ಕಳು ಬದುಕಿದ್ದಾರೆ ಅನ್ನೋ ಸುದ್ದಿ, ಒಂದು ಭೇಟಿ, ನೀನು ಕೊಟ್ಟಿರಲಿಲ್ಲ ಅನ್ನೋದು ನಮಗೂ ಗೊತ್ತು ಅನ್ನೋ ಮಾತು. ಅಷ್ಟನ್ನು ಕೊಡೋಕೂ ಸಾಕಿದವರು ತಮ್ಮ ಮನೆಯ ಕಥೆಯನ್ನೇ ಒಡೆದು ಬರೆಯಬೇಕು. ಎಷ್ಟು ಜನ ಬರೀತಾರೆ? ಮಕ್ಕಳ ಮಾತು ಕೇಳಿ, ಬಿಡಿ, ಎಳೆ ಮನಸ್ಸಿನ ಕಲ್ಪನೆ ಅಂತ ಸುಮ್ಮನಾಗೋದು ಅತ್ಯಂತ ಸುಲಭವಾಗಿತ್ತು. ಅವರನ್ನು ತಡೆಯೋ ಕಾನೂನು ಯಾವುದೂ ಇರಲಿಲ್ಲ.

ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಟೀಮಿನ ಒಬ್ಬಳೂ ಅವಳ ಗಂಡನೂ ಕೇಂದ್ರ ದತ್ತು ಪ್ರಾಧಿಕಾರದ ಪಟ್ಟಿಯಲ್ಲಿ ಮೂರು ವರ್ಷದಿಂದ ಕಾಯ್ತಿದ್ದಾರೆ. ದೇಶದಲ್ಲಿ ಅವರಂತೆ ಕಾಯೋರು 30 ಸಾವಿರಕ್ಕೂ ಹೆಚ್ಚು, ವರ್ಷಕ್ಕೆ ಮನೆ ಸೇರೋ ಮಕ್ಕಳು ಸುಮಾರು 4,000. ಇಂಥ ಸಾಲಿನಲ್ಲಿ ನಿಂತವರ ಕಿವಿಗೆ 'ಒಬ್ಬರು ನರ್ಸ್ ಇದ್ದಾರೆ, ಬೇಗ ಆಗುತ್ತೆ' ಅನ್ನೋ ಪಿಸುಮಾತು ಬಿದ್ದೇ ಬೀಳುತ್ತೆ. ಅವಳ ಕಿವಿಗೂ ಬಿದ್ದಿದೆ. ಮಕ್ಕಳನ್ನು ಮಾರೋದು, ಕೊಳ್ಳೋದು ಐದು ವರ್ಷದವರೆಗೆ ಜೈಲಾಗೋ ಅಪರಾಧ ಅನ್ನೋದು ಅವಳಿಗೆ ಗೊತ್ತಿತ್ತು, ಬೇಡ ಅಂದಿದ್ದಾಳೆ. ಆದರೆ ಸ್ಮೋಲಿನ್ ಕಥೆ ಹೇಳಿದಾಗ ಅವಳು ಸಿಟ್ಟಾದಳು. 'ಲೋಕದಲ್ಲಿ ಹೆರೋರನ್ನ ಯಾರಾದ್ರೂ ಇಷ್ಟು ಪ್ರಶ್ನೆ ಕೇಳ್ತಾರಾ? ನಾವು ಮಾತ್ರ ಸಿಐಡಿ ಆಗಬೇಕಾ?' ಅಂದಳು. ನ್ಯಾಯವಾದ ಸಿಟ್ಟು. ಅದಕ್ಕೆ ನಾನು ಏನೂ ಹೇಳಲಿಲ್ಲ.

ಎರಡು ವಾರ ಬಿಟ್ಟು ಕ್ಯಾಂಟೀನಿನಲ್ಲಿ ಅವಳೇ ಮಾತು ತೆಗೆದಳು. ಕಾಯ್ದೆ ಓದಿದ್ದಳು. ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಾಯಿಸೋಕೆ 60 ದಿನ ಇರುತ್ತೆ. ಆ 60 ದಿನದಲ್ಲಿ ಅವಳನ್ನು ಹೋಗಿ ಮಾತಾಡಿಸೋರು ಯಾರು, ಬಸ್ ಚಾರ್ಜು ಯಾರು ಕೊಡ್ತಾರೆ ಅಂತ ಕೇಳಿದಳು. ದೊಡ್ಡವರಾದ ಮೇಲೆ ಮೂಲ ಹುಡುಕೋಕೆ ಅರ್ಜಿ ಹಾಕೋ ಅವಕಾಶ ದತ್ತು ಹೋದ ಮಗುವಿಗೆ ಇದೆ. ಅದಕ್ಕೇ ನಾಳೆ ತನಗೆ ಬರೋ ಮಗುವಿನ ಫೈಲಿನಲ್ಲಿ ಇರೋದೆಲ್ಲದರ ಒಂದು ಪ್ರತಿ ಬೇಕು ಅಂತ ಮೊದಲ ದಿನವೇ ಕೇಳೋದು ಅಂತ ಗಂಡ-ಹೆಂಡತಿ ತೀರ್ಮಾನ ಮಾಡಿದ್ದಾರಂತೆ. ಕೊಡಲ್ಲ ಅಂದರೆ ಲಿಖಿತವಾಗಿ ಕೊಡಲ್ಲ ಅನ್ನಲಿ ಅಂದಳು. ನಮ್ಮ ಇಲಾಖೆಯವಳೇ ತಾನೆ.